ಮೊದಲು ಜೀಪಿನಡಿ ಮಲಗಿ ನೋಡಿ

ಮೇ ತಿಂಗಳು ಬಂತೆಂದರೆ ಈ ಅಂಕಣಕ್ಕೆ ಬರುವ ಪ್ರಶ್ನೆಗಳೇ ಬೇರೆ. ಬೇಸಿಗೆಯಿಡೀ ಎ.ಸಿ., ಮೈಲೇಜು ಎಂದು ಕೇಳುತ್ತಿದ್ದವರು ಸುಮ್ಮನಾಗುತ್ತಾರೆ. ತೋಟದವರು, ಘಟ್ಟದ ಕಡೆಯವರು, ಶೆಡ್ಡಿನಲ್ಲಿ ಹಳೇ ಜೀಪು ನಿಲ್ಲಿಸಿಕೊಂಡವರು ಎದ್ದು ಕೂರುತ್ತಾರೆ. ಮಳೆ ಹಿಡಿಯುವ ಮೊದಲು ಗಾಡಿ ರೆಡಿ ಆಗಬೇಕು, ಅಲ್ವಾ? ಹಾಗಾಗಿ ಈ ಸಲ ಫೋರ್ ವೀಲ್ ಗಾಡಿಗಳ ಪ್ರಶ್ನೆಗಳನ್ನಷ್ಟೇ ಆರಿಸಿಕೊಂಡಿದ್ದೇನೆ. ನನ್ನ ಗ್ಯಾರೇಜು ಇರುವುದು ಸಕಲೇಶಪುರದ ಪಕ್ಕ. ಬಯಲುಸೀಮೆಯವರಿಗೆ ಕೆಲವು ಮಾತು ಅತಿ ಅನ್ನಿಸಿದರೆ ನಮ್ಮ ಜುಲೈ ತಿಂಗಳನ್ನು ಒಮ್ಮೆ ನೋಡಿಹೋಗಿ.

ಪ್ರಶ್ನೆ: ನನ್ನದು 1998ರ ಮಾರುತಿ ಜಿಪ್ಸಿ ಕಿಂಗ್. ಮನೆಯಿಂದ ಮೇನ್ ರೋಡಿಗೆ ಮೂರು ಕಿಲೋಮೀಟರ್ ಮಣ್ಣಿನ ದಾರಿ, ಉಳಿದದ್ದೆಲ್ಲ ಡಾಂಬರು. ವಾರಕ್ಕೊಮ್ಮೆ ಹಾಸನಕ್ಕೆ ಹೋಗಿಬರುತ್ತೇನೆ. ಟೈರು ಸವೆದಿದೆ. 235/75 ಆರ್15 ಅಳತೆಯ ಮಡ್ ಟೈರು ಹಾಕಿಸಿ, ಗಾಡಿಗೆ ಗತ್ತು ಬರುತ್ತದೆ ಎಂದು ನನ್ನ ಭಾವಮೈದ ಹಟ ಹಿಡಿದಿದ್ದಾನೆ. ಹಾಕಿಸಲೇ?
– ಮೂಡಿಗೆರೆಯಿಂದ ಒಬ್ಬ ಓದುಗರು

ಉತ್ತರ: ಗತ್ತು ಬರುತ್ತದೆ ಸಾರ್, ಅನುಮಾನವೇ ಇಲ್ಲ. ಆದರೆ ಆ ಗತ್ತನ್ನು ಎಳೆಯಬೇಕಾದ್ದು ಇಪ್ಪತ್ತೈದು ವರ್ಷ ದಾಟಿದ 1300 ಸಿಸಿ ಕಾರ್ಬುರೇಟರ್ ಎಂಜಿನ್ನು. ಭಾವಮೈದ ಅಲ್ಲ.

ಲೆಕ್ಕ ಹಾಕೋಣ. ಜಿಪ್ಸಿಗೆ ಕಂಪನಿಯವರು ಹಾಕುತ್ತಿದ್ದುದು ಎಫ್78-15. ಅದು ಹಳೇ ಅಳತೆ. ಈಗಿನ ಲೆಕ್ಕದಲ್ಲಿ 205/75 ಆರ್15ಕ್ಕೆ ಹತ್ತಿರ. ಟೈರಿನ ಎತ್ತರ ತಿಳಿಯಲು ಅಂಗಡಿಯವನನ್ನು ಕೇಳಬೇಕಾಗಿಲ್ಲ. 235ರಲ್ಲಿ ಶೇಕಡಾ 75 ಎಂದರೆ 176 ಮಿಲಿಮೀಟರ್. ಮೇಲೆ ಒಂದು, ಕೆಳಗೆ ಒಂದು, ಒಟ್ಟು 352. ಅದಕ್ಕೆ 15 ಇಂಚಿನ ರಿಮ್ಮು, ಅಂದರೆ 381 ಸೇರಿಸಿ. 733 ಬಂತು. ಇದೇ ಲೆಕ್ಕ 205/75ಕ್ಕೆ ಹಾಕಿದರೆ 688. ವ್ಯತ್ಯಾಸ 45 ಮಿಲಿಮೀಟರ್. ಅದರಲ್ಲಿ ಗಾಡಿಯನ್ನು ಮೇಲೆತ್ತುವುದು ಅರ್ಧ ಮಾತ್ರ, ಏಕೆಂದರೆ ಉಳಿದರ್ಧ ಆಕ್ಸಲಿನ ಮೇಲ್ಭಾಗಕ್ಕೆ ಹೋಗುತ್ತದೆ. ನಿಮಗೆ ಸಿಕ್ಕಿದ್ದು ಎರಡೂಕಾಲು ಸೆಂಟಿಮೀಟರ್.

ಅದಕ್ಕೆ ಕೊಡುವುದೇನು? ಎಲ್ಲ ಗೇರೂ ಶೇಕಡಾ 6ಕ್ಕಿಂತ ಜಾಸ್ತಿ ಉದ್ದವಾಗುತ್ತದೆ. ಸೆಕೆಂಡಿನಲ್ಲಿ ಹತ್ತುತ್ತಿದ್ದ ಏರಿಗೆ ಫಸ್ಟ್ ಬೇಕಾಗುತ್ತದೆ. ಕ್ಲಚ್ ಬೇಗ ಸವೆಯುತ್ತದೆ. ಮೀಟರು 60 ತೋರಿಸುವಾಗ ನೀವು 64ರಲ್ಲಿ ಇರುತ್ತೀರಿ. ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಟೈರು ಸ್ಪ್ರಿಂಗ್ ಪ್ಲೇಟಿಗೋ ಮಡ್ಗಾರ್ಡಿಗೋ ತಾಗುತ್ತದೆ. ಆಗ ಗಾಡಿ ಎತ್ತರಿಸಬೇಕು ಅನ್ನುತ್ತಾರೆ. ಎತ್ತರಿಸಿದರೆ ಆಕ್ಸಲಿಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕೋನ ಕೆಟ್ಟು, ಅದರ ಕೀಲುಗಳಾದ ಕ್ರಾಸುಗಳು ಕೂಗುತ್ತವೆ. ಇನ್ನೊಂದು ವಿಷಯ, 235/75ಕ್ಕೆ ಕನಿಷ್ಠ 6 ಇಂಚು ಅಗಲದ ರಿಮ್ಮು ಬೇಕು. ನಿಮ್ಮ ಮೂಲ ರಿಮ್ಮು ಅದಕ್ಕಿಂತ ಕಿರಿದು. ಎಂದರೆ ರಿಮ್ಮೂ ಹೊಸದು. ಭಾವಮೈದ ಆ ಬಿಲ್ಲಿನ ಬಗ್ಗೆ ಹೇಳಿದ್ದಾನೆಯೇ? ಮೋಟಾರು ವಾಹನ ಕಾಯ್ದೆಯ ಕಲಂ 52ರ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವಂತಿಲ್ಲ. ಅಪಘಾತವಾಗಿ ವಿಮೆಯವರು ಬಂದ ದಿನ ಈ ಮಾತು ನೆನಪಾಗುತ್ತದೆ.

ಇನ್ನು ಮಡ್ ಟೈರು. ಅದರ ಮೈಮೇಲಿನ ರಬ್ಬರು ಗುಬ್ಬಿಗಳ ನಡುವೆ ಖಾಲಿ ಜಾಗ ಜಾಸ್ತಿ. ಕೆಸರನ್ನು ಕಚ್ಚಿ, ಚಕ್ರ ತಿರುಗುವಾಗ ಹೊರಗೆ ಎಸೆಯಲಿ ಎಂದು ಹಾಗೆ ಮಾಡಿರುತ್ತಾರೆ. ಅದೇ ಟೈರು ಒದ್ದೆ ಡಾಂಬರಿನ ಮೇಲೆ ನೆಲಕ್ಕೆ ತಾಗಿಸುವ ರಬ್ಬರು ಕಡಿಮೆ. ಬ್ರೇಕು ಹಿಡಿದರೆ ಗಾಡಿ ನಿಲ್ಲುವುದು ತಡ. ಚಾರ್ಮಾಡಿ ಇಳಿಯುವಾಗ ಮಂಜಿನೊಳಗಿಂದ ಎದುರಿಗೆ ಬಸ್ಸು ಬಂದರೆ ನಿಮಗೆ ಬೇಕಾದ್ದು ಆ ರಬ್ಬರು. ನೀವು ಓಡಿಸುವುದರಲ್ಲಿ ಕೆಸರು ಎಷ್ಟು, ಡಾಂಬರು ಎಷ್ಟು ಎಂದು ನೀವೇ ಬರೆದಿದ್ದೀರಿ. ನಿಮಗೆ ಬೇಕಿರುವುದು ಮಣ್ಣು, ಡಾಂಬರು ಎರಡಕ್ಕೂ ಆಗುವ ಆಲ್ ಟೆರೇನ್ ಟೈರು. ಅಳತೆ 205/75 ಸಿಕ್ಕರೆ ಒಳ್ಳೆಯದು, ಇಲ್ಲವೇ 215/75 ಆರ್15. ಎರಡನೆಯದು ಬೊಲೆರೊಗೆ ಬರುವ ಅಳತೆ, ಹಾಗಾಗಿ ಯಾವ ಪೇಟೆಯಲ್ಲೂ ಸಿಗುತ್ತದೆ. ಎತ್ತರ 703 ಮಿಲಿಮೀಟರ್, ಗೇರಿನ ಮೇಲೆ ಹೊರೆ ತೀರಾ ಕಡಿಮೆ. ಆ ಮೂರು ಕಿಲೋಮೀಟರ್ ಜಾರುವ ದಿನ ಗಾಳಿಯನ್ನು 18–20 ಪಿಎಸ್‌ಐಗೆ ಇಳಿಸಿ. ಟೈರು ಅಗಲವಾಗಿ ಕೂತು ಹಿಡಿಯುತ್ತದೆ. ಮೇನ್ ರೋಡಿಗೆ ಬಂದ ತಕ್ಷಣ ತುಂಬಿಸಿಕೊಳ್ಳಲು ಸಿಗರೇಟ್ ಲೈಟರಿಗೆ ಚುಚ್ಚುವ ಸಣ್ಣ ಪಂಪು ಸಾಕು. ಟ್ಯೂಬ್ ಟೈರು ಇರುವವರು ಮಾತ್ರ ಇಷ್ಟು ಇಳಿಸಬೇಡಿ. ಟೈರು ರಿಮ್ಮಿನ ಮೇಲೆ ಜಾರುತ್ತದೆ, ಒಳಗಿನ ಟ್ಯೂಬನ್ನೂ ಎಳೆದುಕೊಂಡು ಹೋಗಿ ವಾಲ್ವು ಬುಡದಲ್ಲಿ ಕಿತ್ತುಬರುತ್ತದೆ.

ಕೊಳ್ಳುವಾಗ ಟೈರಿನ ಪಕ್ಕದಲ್ಲಿ ಡಾಟ್ ಎಂಬ ಗುರುತಿನ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ಮಾಡಿದ್ದು. ಅಂಗಡಿಯ ಅಟ್ಟದಲ್ಲಿ ಮಲಗಿದ್ದ ಟೈರು ಎಷ್ಟೇ ಮಿಂಚಿದರೂ ಬೇಡ. ಮತ್ತೆ, ಐದು ಟೈರು ಒಟ್ಟಿಗೇ ತೆಗೆದುಕೊಳ್ಳಿ. ಸ್ಟೆಪ್ನಿಯನ್ನೂ ಸೇರಿಸಿ ತಿರುಗಿಸುತ್ತಾ ಬಂದರೆ ಐದೂ ಸಮ ಸವೆಯುತ್ತವೆ. ಇದು ಜಿಪುಣತನಕ್ಕೆ ಹೇಳಿದ್ದಲ್ಲ. ಜಿಪ್ಸಿ, ಹಳೇ ಜೀಪುಗಳಲ್ಲಿ ಹಿಂದೆ ಮುಂದೆ ಆಕ್ಸಲುಗಳ ನಡುವೆ, ಅವು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಇಲ್ಲ. ಫೋರ್ ವೀಲ್ ಹಾಕಿದಾಗ ಎರಡೂ ಆಕ್ಸಲು ಒಂದೇ ಲೆಕ್ಕದಲ್ಲಿ ತಿರುಗಲೇಬೇಕು. ಹಿಂದೆ ಹೊಸ ಟೈರು, ಮುಂದೆ ಬೋಳು ಟೈರು ಹಾಕಿದರೆ ಸುತ್ತಳತೆ ಬೇರೆ ಬೇರೆ, ಆ ತಿಕ್ಕಾಟವನ್ನೆಲ್ಲ ಎರಡೂ ಆಕ್ಸಲಿಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸು ತಿನ್ನುತ್ತದೆ. ಒಣ ಡಾಂಬರಿನಲ್ಲಿ ಫೋರ್ ವೀಲ್ ಹಾಕಿ ತಿರುವು ತೆಗೆದರೂ ಹೀಗೇ. ಫೋರ್ ವೀಲ್ ಲಿವರ್ ಸಿಕ್ಕಿಹಾಕಿಕೊಂಡು ಬರದಿದ್ದರೆ ಬಲ ಹಾಕಬೇಡಿ. ನಾಲ್ಕು ಮಾರು ರಿವರ್ಸ್ ಹೋಗಿ, ತಾನಾಗಿ ಬಿಡುತ್ತದೆ.

ಪ್ರಶ್ನೆ: ನನ್ನ ಜಿಪ್ಸಿ 60ರ ಆಸುಪಾಸು ಹೊಂಡಕ್ಕೆ ಬಿದ್ದರೆ ಸ್ಟೇರಿಂಗ್ ಎಡಕ್ಕೂ ಬಲಕ್ಕೂ ಕುಣಿಯಲು ಶುರು ಮಾಡುತ್ತದೆ. ನಿಲ್ಲಿಸುವವರೆಗೂ ನಿಲ್ಲುವುದಿಲ್ಲ. ಸ್ಟೇರಿಂಗ್ ಡ್ಯಾಂಪರ್ ಬದಲಾಯಿಸಿದೆ, ಎರಡು ತಿಂಗಳು ಸರಿ ಇತ್ತು, ಮತ್ತೆ ಶುರುವಾಗಿದೆ. ಈಗ ಸ್ಟೇರಿಂಗ್ ಬಾಕ್ಸನ್ನೇ ಬದಲಾಯಿಸಿ ಅನ್ನುತ್ತಿದ್ದಾರೆ.
– ವಿರಾಜಪೇಟೆಯಿಂದ ಒಬ್ಬ ಓದುಗರು

ಉತ್ತರ: ಬಾಕ್ಸಿಗೆ ದುಡ್ಡು ಕೊಡಬೇಡಿ, ಸದ್ಯಕ್ಕೆ. ಸ್ಟೇರಿಂಗಿನ ನಡುಕ ತಡೆಯುವ ಡ್ಯಾಂಪರ್ ಎಂಬುದು ನೋವಿನ ಮಾತ್ರೆ. ರೋಗ ಬೇರೆ ಕಡೆ ಇದೆ.

ಹುಡುಕುವ ಕೆಲಸಕ್ಕೆ ಒಂದು ಜಾಕ್, ಎರಡು ಸ್ಟ್ಯಾಂಡು, ಮನೆಯಲ್ಲಿ ಇನ್ನೊಬ್ಬರು, ಅರ್ಧ ದಿನ ಸಾಕು. ಮೊದಲು ಗಾಡಿ ನೆಲದ ಮೇಲೇ ಇರಲಿ. ಮನೆಯವರನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ ಸ್ಟೇರಿಂಗನ್ನು ಗಡಿಯಾರದ 11ರಿಂದ 1ಕ್ಕೆ ಅಲ್ಲಾಡಿಸಲು ಹೇಳಿ. ನೀವು ಅಡಿ ಮಲಗಿ ಪ್ರತಿಯೊಂದು ಟೈರಾಡ್ ಎಂಡ್, ಅಂದರೆ ಸ್ಟೇರಿಂಗ್ ರಾಡುಗಳ ತುದಿಯ ಕೀಲಿನ ಮೇಲೆ ಕೈಯಿಡಿ. ಒಂದು ಕಡೆ ರಾಡು ಹೋಗುತ್ತದೆ, ಜೋಡಣೆ ತಡವಾಗಿ ಹಿಂಬಾಲಿಸುತ್ತದೆ ಎಂದರೆ ಆ ಎಂಡು ಹೋಯಿತು. ಕಣ್ಣಿಗೆ ಕಾಣದ ಪ್ಲೇ, ಅಂದರೆ ಸಡಿಲ, ಬೆರಳಿಗೆ ಗೊತ್ತಾಗುತ್ತದೆ. ಸ್ಪ್ರಿಂಗಿನ ಬುಷ್, ಶ್ಯಾಕಲ್, ಯು-ಬೋಲ್ಟುಗಳನ್ನೂ ಆಗಲೇ ನೋಡಿಬಿಡಿ. ಪ್ಲೇಟು ಸಡಿಲವಾಗಿ ಆಕ್ಸಲೇ ಹಿಂದೆ ಮುಂದೆ ಸರಿಯುತ್ತಿದ್ದರೆ ಉಳಿದದ್ದೆಲ್ಲ ಹೊಸದು ಹಾಕಿಯೂ ಉಪಯೋಗ ಇಲ್ಲ.

ಆಮೇಲೆ ಮುಂದಿನ ಚಕ್ರ ಎತ್ತಿ. ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಕಟಕಟ ಅಂದರೆ ವೀಲ್ ಬೇರಿಂಗೋ, ಚಕ್ರ ಎಡಬಲಕ್ಕೆ ತಿರುಗುವ ಕೀಲಾದ ಕಿಂಗ್ ಪಿನ್ನೋ? ಇದನ್ನು ತಿಳಿಯುವ ಉಪಾಯವನ್ನು ನನಗೆ ಕೆಲಸ ಕಲಿಸಿದ ಉಸ್ತಾದರು ಹೇಳಿಕೊಟ್ಟಿದ್ದು: ಮೇಲೆ ಕೂತವರಿಗೆ ಬ್ರೇಕು ಗಟ್ಟಿಯಾಗಿ ಒತ್ತಲು ಹೇಳಿ, ಮತ್ತೆ ಅಲ್ಲಾಡಿಸಿ. ಬ್ರೇಕು ಒತ್ತಿದಾಗ ಪ್ಲೇ ಮಾಯವಾದರೆ ವೀಲ್ ಬೇರಿಂಗು. ಹಾಗೇ ಉಳಿದರೆ ಕಿಂಗ್ ಪಿನ್ ಬೇರಿಂಗು. ಇಷ್ಟು ಸುಲಭ. ವಯಸ್ಸಾದ ಜಿಪ್ಸಿಯಲ್ಲಿ ನಾನು ಮೊದಲು ಅನುಮಾನಪಡುವುದು ಈ ಕಿಂಗ್ ಪಿನ್ನನ್ನೇ. ಶಿಮ್ ಎಂಬ ತೆಳು ತಗಡು ತೆಗೆದು ಬಿಗಿ ಮಾಡಿಕೊಡುತ್ತೇನೆ ಅನ್ನುವವರಿದ್ದಾರೆ. ಬೇರಿಂಗಿನಲ್ಲಿ ಗುಳಿ ಬಿದ್ದಿದ್ದರೆ ಆ ಬಿಗಿ ನೇರ ಓಡುವಾಗ ಸ್ಟೇರಿಂಗನ್ನು ಹಿಡಿದುಹಾಕುತ್ತದೆ, ಸುಮ್ನೆ ತೊಂದರೆ. ಬೇರಿಂಗೇ ಹೊಸದು ಹಾಕಿಸಿ. ಇದನ್ನು ಮನೆಯಲ್ಲಿ ಮಾಡಬಹುದಾ ಎಂದರೆ ಕೈ ಪಳಗಿದವರು ಮಾಡಬಹುದು. ಮೊದಲ ಸಲದವರು ಬೇಡ. ಚಕ್ರದ ಬ್ಯಾಲೆನ್ಸಿಂಗ್ ಮಾತ್ರ ಇದೆಲ್ಲಕ್ಕಿಂತ ಮೊದಲು ಮಾಡಿಸಿ, ಅದಕ್ಕೆ ಖರ್ಚು ಕಡಿಮೆ.

ಪ್ರಶ್ನೆ: ಅಪ್ಪನ ಕಾಲದ ಮಹೀಂದ್ರ ಎಂಎಂ 540 ಜೀಪು. ಬೆಳಿಗ್ಗೆ ಹೊತ್ತು ಸ್ಟಾರ್ಟ್ ಆಗುವುದಿಲ್ಲ. ತಳ್ಳಿದರೆ ಆಗುತ್ತದೆ. ಕೆಲಸದವರು ಏರ್ ಫಿಲ್ಟರ್ ತೆಗೆದು, ಅಲ್ಲಿ ಬೆಂಕಿ ಹಚ್ಚಿದ ಬಟ್ಟೆ ಹಿಡಿದು ಸ್ಟಾರ್ಟ್ ಮಾಡುತ್ತಾರೆ. ನನಗೆ ಹೆದರಿಕೆ. ನಾನೇ ಏನಾದರೂ ನೋಡಬಹುದೇ?
– ಕಳಸದಿಂದ ಒಬ್ಬ ಓದುಗರು

ಉತ್ತರ: ನಿಮ್ಮ ಹೆದರಿಕೆ ಸರಿ ಇದೆ ಮೇಡಂ, ಆ ಬಟ್ಟೆಯ ಕೆಲಸ ಇವತ್ತೇ ನಿಲ್ಲಿಸಿ. ಸ್ಟಾರ್ಟ್ ಮಾಡಲು ಹೊಡೆಯುವ ಸ್ಪ್ರೇಯೂ ಬೇಡ. ಹೀಟರ್ ಪ್ಲಗ್ ಕಾದಿರುವಾಗ ಅದನ್ನು ಹೊಡೆದರೆ ಒಳಗೆ ಬೇಕಾದ ಹೊತ್ತಿಗಿಂತ ಮುಂಚೆ ಸಿಡಿದು ಪಿಸ್ಟನ್ ರಿಂಗು ಮುರಿಯಬಹುದು.

ನಿಮ್ಮದು 2112 ಸಿಸಿಯ ಪೂಜೋ ಡೀಸೆಲ್ ಎಂಜಿನ್ನು. ಇದರಲ್ಲಿ ಡೀಸೆಲ್ ನೇರವಾಗಿ ಪಿಸ್ಟನ್ ಮೇಲೆ ಬೀಳುವುದಿಲ್ಲ, ಪಕ್ಕದ ಸಣ್ಣ ಗೂಡಿನಲ್ಲಿ ಉರಿದು ಬರುತ್ತದೆ. ಆ ಗೂಡು ತಣ್ಣಗಿದ್ದರೆ ಡೀಸೆಲ್ ಹೊತ್ತಿಕೊಳ್ಳುವುದಿಲ್ಲ. ಅದಕ್ಕೇ ಹೀಟರ್ ಪ್ಲಗ್. ಆಮೇಲೆ ಬಂದ, ಡೀಸೆಲ್ ನೇರ ಪಿಸ್ಟನ್ ಮೇಲೆ ಬೀಳುವ ಡಿಐ ಎಂಜಿನ್ನಿನವರು ಇದಿಲ್ಲದೆ ಹೇಗೋ ಸ್ಟಾರ್ಟ್ ಮಾಡಿಕೊಳ್ಳುತ್ತಾರೆ, ನಿಮಗೆ ಅದು ಆಗದು.

ಬೆಳಿಗ್ಗೆ ಸ್ಟಾರ್ಟರ್ ಹೊಡೆಯುವಾಗ ಒಬ್ಬರನ್ನು ಸೈಲೆನ್ಸರ್ ಹತ್ತಿರ ನಿಲ್ಲಿಸಿ. ಬಿಳಿ ಹೊಗೆ ಬರುತ್ತಿದ್ದರೆ ಡೀಸೆಲ್ ಎಂಜಿನ್ನಿಗೆ ಬರುತ್ತಿದೆ, ಉರಿಯುತ್ತಿಲ್ಲ. ಹೀಟರ್ ನೋಡಿ. ಹೊಗೆಯೇ ಇಲ್ಲವೆಂದರೆ ಡೀಸೆಲ್ ಬರುತ್ತಿಲ್ಲ. ಲೈನಿನಲ್ಲಿ ಗಾಳಿ ಹಿಡಿದಿದೆ ಅಥವಾ ಫಿಲ್ಟರ್ ಕಟ್ಟಿದೆ. ಸ್ಟಾರ್ಟರೇ ಆಲಸ್ಯದಿಂದ ತಿರುಗುತ್ತಿದ್ದರೆ ಈ ಎರಡಕ್ಕೂ ಮುಂಚೆ ಬ್ಯಾಟರಿ ತುದಿಗಳನ್ನೂ, ಚಾಸಿಗೂ ಎಂಜಿನ್ನಿಗೂ ಹೋಗುವ ಅರ್ತ್ ಕೇಬಲನ್ನೂ ಬಿಚ್ಚಿ ಉಜ್ಜಿ ಕಟ್ಟಿ. ಮಳೆ ನಾಡಿನ ಜೀಪುಗಳಲ್ಲಿ ಆ ಅರ್ತ್ ಬೋಲ್ಟಿನ ತುಕ್ಕನ್ನು ಯಾರೂ ನೋಡುವುದಿಲ್ಲ.

ಹೀಟರ್ ನೋಡುವುದು ಹೀಗೆ. ಪ್ಲಗ್ಗುಗಳನ್ನು ಒಂದಕ್ಕೊಂದು ಜೋಡಿಸಿದ ಪಟ್ಟಿಯನ್ನು ಬಿಚ್ಚಿ. ಬಲ್ಬು ಇರುವ ಟೆಸ್ಟ್ ಲ್ಯಾಂಪಿನ ಒಂದು ತುದಿ ಬ್ಯಾಟರಿಯ ಪ್ಲಸ್ಸಿಗೆ, ಇನ್ನೊಂದು ತುದಿ ಪ್ಲಗ್ಗಿನ ತಲೆಗೆ. ಬಲ್ಬು ಉರಿದರೆ ಪ್ಲಗ್ಗು ಜೀವಂತ, ಉರಿಯದಿದ್ದರೆ ಸತ್ತಿದೆ. ನಾಲ್ಕನ್ನೂ ನೋಡಿ. ಸತ್ತದ್ದನ್ನು ಬಿಚ್ಚುವ ಮೊದಲು ಎಂಜಿನ್ ಬಿಸಿ ಮಾಡಿಕೊಳ್ಳಿ, ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಕಾಯಿರಿ. ಹೆಡ್ಡಿನೊಳಗೆ ಪ್ಲಗ್ಗು ಮುರಿದರೆ ಆಮೇಲೆ ಲೇತಿನವರ ಕಾಲಿಗೆ ಬೀಳಬೇಕು.

ಗಾಳಿ ತೆಗೆಯುವುದು ಇನ್ನೂ ಸುಲಭ. ಫಿಲ್ಟರ್ ಮೇಲಿನ ಬ್ಲೀಡ್ ಸ್ಕ್ರೂ ಒಂದೆರಡು ಸುತ್ತು ಸಡಿಲಿಸಿ, ಕೈಪಂಪು ಒತ್ತುತ್ತಾ ಇರಿ. ಮೊದಲು ನೊರೆ ಬರುತ್ತದೆ. ನೊರೆ ಹೋಗಿ ಬರೀ ಡೀಸೆಲ್ ಬಂದಾಗ, ಒತ್ತಿ ಹಿಡಿದೇ ಸ್ಕ್ರೂ ಬಿಗಿ ಮಾಡಿ. ಮಾರನೇ ದಿನ ಮತ್ತೆ ಗಾಳಿ ಹಿಡಿದರೆ ಟ್ಯಾಂಕಿನಿಂದ ಬರುವ ರಬ್ಬರ್ ಪೈಪಿನಲ್ಲಿ ಎಲ್ಲೋ ಬಿರುಕಿದೆ. ರಾತ್ರಿ ಡೀಸೆಲ್ ವಾಪಸು ಟ್ಯಾಂಕಿಗೆ ಇಳಿದುಹೋಗುತ್ತಿದೆ. ಡೀಸೆಲ್ ತಡೆಯುವ ಪಾರದರ್ಶಕ ಪೈಪಿನ ಗೇಣುದ್ದದ ತುಂಡನ್ನು ಫಿಲ್ಟರಿಗೆ ಮೊದಲು ಸೇರಿಸಿ. ಗುಳ್ಳೆ ಕಣ್ಣಿಗೇ ಕಾಣುತ್ತದೆ. ತಪ್ಪು ಸಿಕ್ಕಿದ ಮೇಲೆ ಆ ತುಂಡು ತೆಗೆದುಬಿಡಿ. ಇದೆಲ್ಲ ನೀವೇ ಮಾಡಬಹುದಾದ ಕೆಲಸ. ಇಂಜೆಕ್ಷನ್ ಪಂಪಿನ ಸೀಲ್ ಮಾತ್ರ ಮುಟ್ಟಬೇಡಿ, ಅದು ಪಂಪ್ ರೂಮಿನವರ ಕೆಲಸ.

ಪ್ರಶ್ನೆ: ಹೊಳೆ ದಾಟಿ ಬಂದ ಮೇಲೆ ಹಿಂದಿನ ಆಕ್ಸಲಿನ ಹೌಸಿಂಗಿನ ಎಣ್ಣೆ ನೋಡಿದೆ. ಹಾಲು ಬೆರೆಸಿದಂತೆ ಬೆಳ್ಳಗಾಗಿದೆ. ಆಯಿಲ್ ಸೀಲ್ ಹೊಸದೇ ಇದೆ. ನೀರು ಎಲ್ಲಿಂದ ಬಂತು?
– ಸಿರ್ಸಿಯಿಂದ ಒಬ್ಬ ಓದುಗರು

ಉತ್ತರ: ಸೀಲಿನಿಂದಲೇ ಬಂದಿದೆ, ಆದರೆ ತಪ್ಪು ಸೀಲಿನದಲ್ಲ. ಹೌಸಿಂಗಿನ ನೆತ್ತಿಯಲ್ಲಿ ಬ್ರೀದರ್ ಎಂಬ ಸಣ್ಣ ತೂತಿನ ಮುಚ್ಚಳ ಇದೆ. ಕೆಸರು ಮೆತ್ತಿಕೊಂಡು ಅದು ಮುಚ್ಚಿರುತ್ತದೆ. ಓಡಿ ಬಿಸಿಯಾದ ಹೌಸಿಂಗು ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ, ಹೊರಗಿನಿಂದ ಎಳೆದುಕೊಳ್ಳಲು ನೋಡುತ್ತದೆ. ಬ್ರೀದರ್ ಮುಚ್ಚಿದ್ದರೆ ಸೀಲಿನ ಅಂಚಿನಿಂದ ನೀರನ್ನೇ ಎಳೆದುಕೊಳ್ಳುತ್ತದೆ. ಬ್ರೀದರ್ ಶುಚಿ ಮಾಡಿ, ಅದಕ್ಕೆ ರಬ್ಬರ್ ಪೈಪ್ ಜೋಡಿಸಿ ತುದಿಯನ್ನು ಬಾಡಿಯ ಎತ್ತರಕ್ಕೆ ಕಟ್ಟಿ. ಹೊಳೆ ಹತ್ತಿರ ಹತ್ತು ನಿಮಿಷ ನಿಂತು, ಗಾಡಿ ತಣ್ಣಗಾದ ಮೇಲೆ ಇಳಿಯಿರಿ.

ಎಣ್ಣೆ ಬದಲಾಯಿಸುವಾಗ ಒಂದು ಕ್ರಮ ಇದೆ. ತುಂಬುವ ಪ್ಲಗ್ಗನ್ನು ಮೊದಲು ಬಿಚ್ಚಿ, ಇಳಿಸುವ ಪ್ಲಗ್ಗು ಆಮೇಲೆ. ಉಲ್ಟಾ ಮಾಡಿ, ಎಣ್ಣೆಯೆಲ್ಲ ಇಳಿದ ಮೇಲೆ ತುಂಬುವ ಪ್ಲಗ್ಗು ಬರಲೊಲ್ಲೆ ಅಂದರೆ ಗಾಡಿ ಅಲ್ಲೇ ಠಿಕಾಣಿ. ಹೊಸ ಎಣ್ಣೆ ಹಾಕಿ ಐವತ್ತು ಕಿಲೋಮೀಟರ್ ಓಡಿಸಿ ಮತ್ತೆ ಇಳಿಸಿ, ಮೂಲೆಯಲ್ಲಿ ಉಳಿದ ನೀರು ಆಗ ಬರುತ್ತದೆ. ಸಮನೆಲದಲ್ಲಿ ತೂತಿನಿಂದ ತೊಟ್ಟಿಕ್ಕುವವರೆಗೆ ತುಂಬಿ. ಹೌಸಿಂಗಿಗೆ ಜಿಎಲ್-5 ದರ್ಜೆಯ ಗೇರ್ ಎಣ್ಣೆ. ಅದೇ ಡಬ್ಬ ಉಳಿಯಿತು ಎಂದು ಹಳೇ ಗೇರ್ ಬಾಕ್ಸಿಗೆ ಸುರಿಯಬೇಡಿ. ಅಲ್ಲಿ ಗೇರು ಸಲೀಸಾಗಿ ಬೀಳಿಸುವ ಹಿತ್ತಾಳೆ ಸಿಂಕ್ರೋ ರಿಂಗುಗಳಿಗೆ ಜಿಎಲ್-4 ಒಳ್ಳೆಯದು.

ಪ್ರಶ್ನೆ: ಮಳೆಗಾಲದಲ್ಲಿ ಕೆಸರಿಗೆಂದು ಟೈರಿಗೆ ಚೈನು ಕಟ್ಟುವಾಗ ಹಿಂದಿನ ಚಕ್ರಕ್ಕೋ ಮುಂದಿನದಕ್ಕೋ?
– ಸೋಮವಾರಪೇಟೆಯಿಂದ ಒಬ್ಬ ಓದುಗರು

ಉತ್ತರ: ಒಂದೇ ಜೊತೆ ಇದ್ದರೆ ಏರು ಹತ್ತಲು ಹಿಂದೆ. ಹತ್ತುವಾಗ ಭಾರವೆಲ್ಲ ಹಿಂದೆ ಕೂರುತ್ತದೆ. ಆದರೆ ಅದೇ ದಾರಿ ಇಳಿಯುವಾಗ ಮುಂದಿನ ಚಕ್ರ ಹಿಡಿತವಿಲ್ಲದೆ ನೇರ ಜಾರಿ ಚರಂಡಿಗೆ ಹೋಗುತ್ತದೆ. ದಿನವೂ ಕಡಿದಾದ ಇಳಿಜಾರು ಇರುವವರು ಎರಡು ಜೊತೆ ಇಟ್ಟುಕೊಳ್ಳಿ. ಕಟ್ಟಿದ ಮೇಲೆ ನೂರು ಅಡಿ ಹೋಗಿ ನಿಲ್ಲಿಸಿ, ಮತ್ತೊಮ್ಮೆ ಬಿಗಿ ಮಾಡಿ. ಮುಂದೆ ಕಟ್ಟುವುದಾದರೆ ಸ್ಟೇರಿಂಗ್ ಪೂರ್ತಿ ತಿರುಗಿಸಿ ಬ್ರೇಕ್ ಪೈಪಿಗೆ ತಾಗುತ್ತದೆಯೇ ನೋಡಿ. ಡಾಂಬರು ಸಿಕ್ಕಿದಲ್ಲಿ ಬಿಚ್ಚಿ. ಸೋಮಾರಿತನಕ್ಕೆ ಚೈನಿನಲ್ಲೇ ಪೇಟೆಗೆ ಹೋದರೆ ಟೈರೂ ಹೋಗುತ್ತದೆ, ಪಂಚಾಯ್ತಿಯವರ ರಸ್ತೆಯೂ ಹೋಗುತ್ತದೆ.

ಪ್ರಶ್ನೆ: ಅಂಕಲ್, ವಿಡಿಯೋ ನೋಡಿ ನಮ್ಮ ಹಳೇ ಜೀಪಿನ ಬ್ರೇಕನ್ನು ನಾನೇ ರಿಪೇರಿ ಮಾಡಬೇಕೆಂದಿದ್ದೇನೆ. ಏನೇನು ಟೂಲ್ಸ್ ಬೇಕು?
– ತುಮಕೂರಿನಿಂದ ಒಬ್ಬ ಇಂಜಿನಿಯರಿಂಗ್ ವಿದ್ಯಾರ್ಥಿ

ಉತ್ತರ: ಒಳ್ಳೆಯ ಆಸೆ ತಮ್ಮ. ಟೂಲ್ಸಿಗೆ ಮೊದಲು ಎರಡು ಜಾಕ್ ಸ್ಟ್ಯಾಂಡು ತೆಗೆದುಕೋ. ಜಾಕ್ ಎತ್ತುವುದಕ್ಕೆ, ನಿಲ್ಲಿಸಿಕೊಳ್ಳುವುದಕ್ಕಲ್ಲ. ಸಿಮೆಂಟ್ ಇಟ್ಟಿಗೆ ಜೋಡಿಸಿ ಅದರಡಿ ತೂರುವವರನ್ನು ನೋಡಿದರೆ ನನಗೆ ಮೈ ಜುಮ್ಮೆನ್ನುತ್ತದೆ. ಆ ಇಟ್ಟಿಗೆ ಮೊದಲೇ ಹೇಳಿ ಒಡೆಯುವುದಿಲ್ಲ. ಆಮೇಲೆ ರಿಂಗ್ ಪಾನಾ ಸೆಟ್ಟು, ಬ್ರೇಕ್ ಪೈಪಿಗೆಂದೇ ಬರುವ ಪಾನಾ, ಗ್ರೀಸ್ ಗನ್ನು. ಹಳೇ ಡ್ರಮ್ಮಿನ ಧೂಳನ್ನು ಗಾಳಿ ಹೊಡೆದು ಹಾರಿಸಬೇಡ. ಹಳೇ ಲೈನರುಗಳಲ್ಲಿ ಕಲ್ನಾರು ಇರಬಹುದು, ಒದ್ದೆ ಬಟ್ಟೆಯಲ್ಲಿ ಒರೆಸು. ವೀಲ್ ಸಿಲಿಂಡರ್ ತೊಳೆಯಲು ಪೆಟ್ರೋಲ್, ಡೀಸೆಲ್, ಎಂಜಿನ್ ಆಯಿಲ್ ಯಾವುದೂ ಬೇಡ. ರಬ್ಬರ್ ಕಪ್ಪುಗಳು ಊದಿಕೊಂಡು ಬ್ರೇಕು ಕಚ್ಚಿಕೊಳ್ಳುತ್ತದೆ. ಬ್ರೇಕ್ ಆಯಿಲ್‌ನಲ್ಲೇ ತೊಳೆ. ಅದನ್ನು ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಾಯಿಸು, ಅದು ಗಾಳಿಯ ತೇವ ಹೀರಿ ಕೆಡುತ್ತದೆ.

ಒಂದು ಚಕ್ರ ಬಿಚ್ಚುವಾಗ ಇನ್ನೊಂದು ಕಡೆಯದನ್ನು ಮುಟ್ಟಬೇಡ, ಸ್ಪ್ರಿಂಗು ಯಾವ ಕಡೆಗೆ ಎಂದು ಮರೆತರೆ ನೋಡಿಕೊಳ್ಳಬಹುದು. ಮುಗಿದ ಮೇಲೆ ಗ್ಯಾರೇಜಿನ ಹಳಬರೊಬ್ಬರನ್ನು ಕರೆದು ತೋರಿಸಿ, ಖಾಲಿ ಮೈದಾನದಲ್ಲಿ ನಿಧಾನ ಓಡಿಸಿ ನೋಡು. ಕ್ಲಚ್ ಕೆಟ್ಟರೆ ಗಾಡಿ ನಿಲ್ಲುತ್ತದೆ. ಬ್ರೇಕು ಕೆಟ್ಟರೆ ನಿಲ್ಲುವುದಿಲ್ಲ.

ಪ್ರಶ್ನೆ: ಜಿಪ್ಸಿ ತಯಾರಿಕೆ ನಿಂತುಹೋಗಿದೆ. ಈಗ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡರೆ ಸಾಮಾನು ಸಿಗುತ್ತದೆಯೇ?
– ಬಳ್ಳಾರಿಯಿಂದ ಒಬ್ಬ ಓದುಗರು

ಉತ್ತರ: ಜನರಿಗೆ ಮಾರುವುದು 2019ರಲ್ಲಿ ನಿಂತಿತು, ನಿಜ. ಆದರೆ ಸೈನ್ಯ, ಪೊಲೀಸು, ಅರಣ್ಯ ಇಲಾಖೆ ಎಲ್ಲ ಕಡೆ ಓಡಿದ ಗಾಡಿ ಅದು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಂದು ಸುತ್ತು ಹಾಕಿದರೆ ಓಡುವ ಸಾಮಾನು ಬಹುಪಾಲು ಸಿಗುತ್ತದೆ. ಕಷ್ಟ ಆಗುವುದು ಬಾಡಿಯ ತಗಡು. ಆದ್ದರಿಂದ ಎಂಜಿನ್ ಶಬ್ದಕ್ಕೆ ಮರುಳಾಗುವ ಮೊದಲು ಕಾಲಡಿಯ ಮ್ಯಾಟ್ ಎತ್ತಿ, ಚಾಸಿಯ ಹಿಂಭಾಗವನ್ನು ಸುತ್ತಿಗೆಯಿಂದ ತಟ್ಟಿ ನೋಡಿ. ಠಣ್ ಎನ್ನಬೇಕು. ಗುಬ್ ಎಂದರೆ ಒಳಗೆ ತುಕ್ಕು ತಿಂದಿದೆ. ಖಾಸಗಿ ಗಾಡಿಯ ನೋಂದಣಿ 15 ವರ್ಷ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಅದು ಯಾವಾಗ ಮುಗಿಯುತ್ತದೆ ಎಂದು ಆರ್.ಸಿ.ಯಲ್ಲಿ ನೋಡಿ. ಎಂಜಿನ್ ನಂಬರು, ಚಾಸಿ ನಂಬರು ಎರಡನ್ನೂ ಅದರ ಜೊತೆ ತಾಳೆ ಹಾಕದೆ ಮುಂಗಡ ಕೊಡಬೇಡಿ. ಚಾಸಿ ನಂಬರಿನ ಸುತ್ತ ಹೊಸ ವೆಲ್ಡಿಂಗು, ಹೊಸ ಪೇಂಟು ಕಂಡರೆ ಅವರು ಕೊಟ್ಟ ಕಾಫಿ ಕುಡಿದು ವಾಪಸು ಬನ್ನಿ.